ಎಳೆಗಾಯಿಗೆ ಎಥಿಲೀನ್ ಕೊಟ್ಟರೆ ರುಚಿ ಬರುತ್ತದೆಯೇ? ಮಾವು ಮಾಗಿಸುವವರು, ತಿನ್ನುವವರು ಎಲ್ಲರೂ ಹೇಳಿ

ತೋಪಿನವನು, ಶ್ರೀನಿವಾಸಪುರ
ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಎಕರೆ ಮಾವಿನ ತೋಪು. ಬಾದಾಮಿಯೇ ಹೆಚ್ಚು, ಅಂಚಿನಲ್ಲಿ ರಸಪುರಿ, ಬೇಲಿಯ ಕಡೆ ಒಂದು ಸಾಲು ತೋತಾಪುರಿ. ಮೂರು ವರ್ಷಗಳಿಂದ ಮಂಡಿಗೆ ಹಾಕುವುದನ್ನು ಕಡಿಮೆ ಮಾಡಿ, ಮೂರು ಕೆ.ಜಿ.ಯ ಪೆಟ್ಟಿಗೆ ಕಟ್ಟಿ ಬೆಂಗಳೂರಿನ ಮನೆಗಳಿಗೆ ನೇರವಾಗಿ ಕೊಡುತ್ತಿದ್ದೇನೆ. ಮೊದಲು ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದೆ. ಅದರಲ್ಲಿ ಒಂದು ಕಾಯಿ ಐದನೇ ದಿನಕ್ಕೆ ಹಣ್ಣಾದರೆ ಪಕ್ಕದ್ದು ಹತ್ತನೇ ದಿನಕ್ಕೂ ಕಲ್ಲಿನಂತೆ ಇರುತ್ತಿತ್ತು. ಗಿರಾಕಿಗಳು ಹೆಚ್ಚಾದ ಮೇಲೆ ಇದು ಸರಿಹೋಗಲಿಲ್ಲ.

ಕಳೆದ ವರ್ಷ, ಎಥಿಲೀನ್ ಅನಿಲ ಬಿಟ್ಟು ಕಾಯಿ ಮಾಗಿಸುವ ಒಂದು ಬಾಡಿಗೆ ಕೋಣೆಗೆ ನಲವತ್ತು ಕ್ರೇಟ್ ಒಯ್ದೆ. ಬಣ್ಣ ಚೆನ್ನಾಗಿ ಬಂತು. ಕೊಯ್ದು ನೋಡಿದರೆ ಅರ್ಧಕ್ಕರ್ಧ ಹಣ್ಣಿನ ತಿರುಳು ಬಿಳಿಚಿಕೊಂಡಿತ್ತು, ರುಚಿ ಸಪ್ಪೆ. ಒಬ್ಬ ತಾಯಿ ಫೋನ್ ಮಾಡಿ, "ನಿಮ್ಮನ್ನು ನಂಬಿ ಮಗುವಿಗೆ ಕೊಟ್ಟೆ, ನೀವೂ ಪುಡಿ ಹಾಕಿಬಿಟ್ಟಿರಾ?" ಎಂದು ಕೇಳಿದರು. ಆ ಮಾತು ಈಗಲೂ ಚುಚ್ಚುತ್ತದೆ. ಕಾಯಿ ಬೇಗ ಹಣ್ಣಾಗಲೆಂದು ಹಾಕುವ ಆ ಕಾರ್ಬೈಡ್ ಪುಡಿಯನ್ನು ನಾನು ಮುಟ್ಟಿದವನಲ್ಲ.

ನನ್ನ ಪ್ರಶ್ನೆಗಳು ಮೂರು. ಎಥಿಲೀನ್ ಮತ್ತು ಕಾರ್ಬೈಡ್ ನಡುವೆ ನಿಜವಾದ ವ್ಯತ್ಯಾಸ ಏನು? ಬಣ್ಣ ಬಂದೂ ರುಚಿ ಏಕೆ ಬರಲಿಲ್ಲ? ಹಣ್ಣನ್ನು ಇನ್ನೊಂದು ವಾರ ಹೆಚ್ಚು ಉಳಿಸಲು ದಾರಿ ಇದೆಯೇ? ಈ ಸಲ ಕೊಯ್ಲಿಗೆ ಇನ್ನು ಹದಿನೈದು ದಿನ ಇದೆ.

ಕೊಯ್ಲಿನ ನಂತರ
ಅಣ್ಣ, ನಾನು ಹಣ್ಣು ತರಕಾರಿಗಳ ಕೊಯ್ಲೋತ್ತರ ವಿಷಯವನ್ನೇ ಓದಿ, ಅದರಲ್ಲೇ ಕೆಲಸ ಮಾಡುತ್ತಿರುವವಳು. ನಿಮ್ಮ ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಎಲ್ಲದಕ್ಕೂ ಬೇರು ಅಲ್ಲಿದೆ.

ಎಥಿಲೀನ್ ಹೊರಗಿನಿಂದ ಬಂದ ಔಷಧಿಯಲ್ಲ. ಮಾವಿನಕಾಯಿ ತಾನೇ ತಯಾರಿಸುವ ಹಾರ್ಮೋನು, ಅನಿಲ ರೂಪದ್ದು. ಬಲಿತ ಕಾಯಿಯಲ್ಲಿ ಇದು ಸ್ವಲ್ಪ ಹುಟ್ಟುತ್ತದೆ, ಆ ಸ್ವಲ್ಪವೇ ಇನ್ನಷ್ಟು ಹುಟ್ಟುವಂತೆ ಮಾಡುತ್ತದೆ, ಕಾಯಿಯ ಉಸಿರಾಟ ಒಮ್ಮೆಲೇ ಏರುತ್ತದೆ. ಆಗ ಪಿಷ್ಟ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ, ಹಸಿರು ಹೋಗಿ ಹಳದಿ ಕಾಣುತ್ತದೆ, ತಿರುಳು ಮೆತ್ತಗಾಗುತ್ತದೆ, ಪರಿಮಳ ಏಳುತ್ತದೆ. ಕೋಣೆಯಲ್ಲಿ ನಾವು ಎಥಿಲೀನ್ ಬಿಟ್ಟಾಗ ಎಲ್ಲ ಕಾಯಿಗಳಿಗೂ ಒಂದೇ ಹೊತ್ತಿಗೆ ಈ ಕರೆ ತಲುಪುತ್ತದೆ. ಅಷ್ಟೇ ಅದರ ಕೆಲಸ. "ಎಲೆ ಹಾಕಿ, ಬಡಿಸಿ" ಎಂದು ಕೂಗಿದಂತೆ. ಒಳಗೆ ಅನ್ನವೇ ಆಗಿಲ್ಲದಿದ್ದರೆ ಕೂಗಿ ಏನು ಪ್ರಯೋಜನ? ಎಳೆಗಾಯಿಯಲ್ಲಿ ಪಿಷ್ಟವೇ ತುಂಬಿರುವುದಿಲ್ಲ. ಸಿಪ್ಪೆ ಕರೆಗೆ ಓಗೊಟ್ಟು ಹಳದಿಯಾಗುತ್ತದೆ, ಸಿಹಿಯಾಗಲು ತಿರುಳಿನಲ್ಲಿ ಸರಕಿಲ್ಲ. ನಿಮ್ಮ ನಲವತ್ತು ಕ್ರೇಟ್‌ಗಳಲ್ಲಿ ಆದದ್ದು ಇದು ಎಂದು ನನಗೆ ಅನ್ನಿಸುತ್ತದೆ. ತಪ್ಪು ಅನಿಲದ್ದಲ್ಲ, ಕೊಯ್ದ ದಿನದ್ದು.

ಒಂದು ಮಾತು ಕೇಳಿ. ಎಷ್ಟು ದಿನದ ಕಾಯಿ ಕೊಯ್ದಿರಿ? ಒಂದೇ ದಿನ ಇಡೀ ಮರವನ್ನು ಬರಿದು ಮಾಡಿದಿರಾ?

ತೋಪಿನವನು, ಶ್ರೀನಿವಾಸಪುರ
ಹೌದಮ್ಮ, ಆಳುಗಳು ಸಿಗುವುದು ಒಂದು ದಿನ. ಆಲಿಕಲ್ಲು ಮಳೆಯ ಭಯ ಬೇರೆ. ಮರದಲ್ಲಿ ಏಳೆಂಟು ಹಣ್ಣು ತಾನಾಗಿ ಮಾಗಿ ಬಿದ್ದಿದ್ದವು, ಅದನ್ನು ನೋಡಿ ಪೂರ್ತಿ ಇಳಿಸಿಬಿಟ್ಟೆವು.

ಕೊಯ್ಲಿನ ನಂತರ
ಮಾವು ಒಂದೇ ದಿನ ಹೂ ಬಿಡುವುದಿಲ್ಲವಲ್ಲ ಅಣ್ಣ. ಮೊದಲ ಹೂವಿನ ಕಾಯಿಗೂ ಕೊನೆಯ ಹೂವಿನ ಕಾಯಿಗೂ ವಾರಗಳ ಅಂತರ ಇರುತ್ತದೆ. ಅವೆಲ್ಲ ಒಂದೇ ಕ್ರೇಟ್‌ನಲ್ಲಿ ಹೋದರೆ ಯಾವ ಕೋಣೆಯೂ ಅವುಗಳನ್ನು ಸಮ ಮಾಡಲಾರದು.

ಬಲಿತದ್ದನ್ನು ಗುರುತಿಸುವ ಬಗೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು: ತೊಟ್ಟಿನ ಪಕ್ಕದ ಹೆಗಲು ತುಂಬಿ ಮೇಲೆ ಬಂದಿರಬೇಕು, ತೊಟ್ಟು ಸಣ್ಣ ಗುಳಿಯಲ್ಲಿ ಕುಳಿತಂತೆ ಕಾಣಬೇಕು, ಕೊಯ್ದರೆ ಓಟೆ ಗಟ್ಟಿಯಾಗಿ ತಿರುಳಿಗೆ ತೆಳು ಹಳದಿ ಛಾಯೆ ಬಂದಿರಬೇಕು. ಇದರ ಜೊತೆಗೆ ಒಂದು ಬಕೆಟ್ ನೀರು ಇಟ್ಟುಕೊಳ್ಳಿ. ಬಲಿತ ಬಾದಾಮಿ ನೀರಿಗಿಂತ ತುಸು ತೂಕ, ಮುಳುಗುತ್ತದೆ. ಎಳೆಯದು ತೇಲುತ್ತದೆ. ತೇಲಿದ್ದನ್ನು ಉಪ್ಪಿನಕಾಯಿಗೆ ಕೊಡಿ, ಪೆಟ್ಟಿಗೆಗೆ ಹಾಕಬೇಡಿ.

ಅಡುಗೆಮನೆ, ಮೈಸೂರು
ಮೇಡಂ, ನಡುವೆ ಬಂದೆ, ಕ್ಷಮಿಸಿ. ಮೊಬೈಲ್‌ನಲ್ಲಿ ಒಂದು ವಿಡಿಯೊ ಬಂದಿತ್ತು. ನೀರಿನಲ್ಲಿ ತೇಲಿದ ಮಾವು ಕಾರ್ಬೈಡ್ ಹಾಕಿದ್ದು, ಮುಳುಗಿದ್ದು ಶುದ್ಧ ಎಂದು ಅದರಲ್ಲಿ ಹೇಳಿದ್ದರು. ನಾನು ಹಾಗೆ ನೋಡಿ ಎರಡು ಡಜನ್ ಹಣ್ಣು ಎಸೆದಿದ್ದೇನೆ. ನೀವು ಹೇಳುವುದು ಬೇರೆ ಇದೆಯಲ್ಲ?

ಕೊಯ್ಲಿನ ನಂತರ
ಅಯ್ಯೋ ಅಕ್ಕ, ಎಸೆಯಬಾರದಿತ್ತು. ನೀರು ಹೇಳುವುದು ಕಾಯಿ ಎಷ್ಟು ಬಲಿತಿತ್ತು ಎಂಬುದನ್ನು ಮಾತ್ರ. ಯಾವುದರಿಂದ ಮಾಗಿಸಿದರು ಎಂಬುದನ್ನು ನೀರು ಹೇಳಲಾರದು. ಕಾರ್ಬೈಡ್ ಹಾಕುವವರು ಅವಸರಕ್ಕೆ ಎಳೆಗಾಯಿ ಕೊಯ್ಯುವುದು ಹೆಚ್ಚು, ಹಾಗಾಗಿ ಅಂಥ ಹಣ್ಣು ತೇಲಬಹುದು. ಆದರೆ ಹುಲ್ಲಿನಲ್ಲಿ ಅಡೆ ಹಾಕಿದ ಎಳೆಗಾಯಿಯೂ ತೇಲುತ್ತದೆ, ಕಾರ್ಬೈಡ್ ಹಾಕಿದ ಬಲಿತ ಕಾಯಿಯೂ ಮುಳುಗುತ್ತದೆ. ಮನೆಯಲ್ಲಿ ಕಾರ್ಬೈಡ್ ಹಿಡಿಯುವ ನಂಬಿಕೆಗೆ ಅರ್ಹವಾದ ಪರೀಕ್ಷೆ ಇಲ್ಲ. ಪೆಟ್ಟಿಗೆಯ ತಳದಲ್ಲಿ ಬೂದು ಬಣ್ಣದ ಪುಡಿಯ ಪೊಟ್ಟಣ ಕಂಡರೆ, ಬೆಳ್ಳುಳ್ಳಿಯಂಥ ವಾಸನೆ ಬಂದರೆ ಆ ಅಂಗಡಿಯನ್ನು ಬಿಡಿ.

ಈಗ ಅಣ್ಣನ ಮೊದಲ ಪ್ರಶ್ನೆ. ಕ್ಯಾಲ್ಸಿಯಂ ಕಾರ್ಬೈಡ್ ಹಣ್ಣಿಗಾಗಿ ಮಾಡಿದ ವಸ್ತುವೇ ಅಲ್ಲ, ಬೆಸುಗೆ ಅಂಗಡಿಯ ಸರಕು. ತೇವ ತಗುಲಿದರೆ ಅಸಿಟಿಲೀನ್ ಅನಿಲ ಬಿಡುತ್ತದೆ. ಅಸಿಟಿಲೀನ್ ಎಥಿಲೀನನ್ನು ಹೋಲುವುದರಿಂದ ಹಣ್ಣು ಮೋಸಹೋಗುತ್ತದೆ, ಆದರೆ ಅದರ ಶಕ್ತಿ ಎಥಿಲೀನ್‌ನ ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ, ಹಾಗಾಗಿ ಹೆಚ್ಚು ಸುರಿಯುತ್ತಾರೆ. ಬೆಸುಗೆಗೆ ಬಳಸುವ ಕಾರ್ಬೈಡ್‌ನಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶಗಳೂ ಇರುತ್ತವೆ, ಅವೂ ಅನಿಲವಾಗಿ ಹೊರಬರುತ್ತವೆ. ಪೊಟ್ಟಣ ಕಟ್ಟುವ ಆಳುಗಳ ಕೈ, ಕಣ್ಣು, ಗಂಟಲು ಮೊದಲು ಸುಡುತ್ತದೆ. ಅವರ ವಿಚಾರವನ್ನು ಯಾರೂ ಮಾತನಾಡುವುದಿಲ್ಲ ಎಂಬುದು ನನ್ನ ನೋವು. ನಮ್ಮ ದೇಶದಲ್ಲಿ ಹಣ್ಣು ಮಾಗಿಸಲು ಇದಕ್ಕೆ ನಿಷೇಧವಿದೆ, 2011ರ ಆಹಾರ ಸುರಕ್ಷತಾ ನಿಯಮಗಳಲ್ಲಿ ಸ್ಪಷ್ಟವಾಗಿದೆ. ಆ ನಿಯಮ ಮಾಡಿದ ಆಹಾರ ಸುರಕ್ಷತಾ ಪ್ರಾಧಿಕಾರವೇ 2016ರಲ್ಲಿ ಎಥಿಲೀನ್ ಅನಿಲಕ್ಕೆ 100 ಪಿಪಿಎಂವರೆಗೆ ಅನುಮತಿ ಕೊಟ್ಟಿತು. ಹತ್ತು ಸಾವಿರ ಲೀಟರ್ ಗಾಳಿಗೆ ಒಂದು ಲೀಟರ್ ಅನಿಲ ಎಂದು ತಿಳಿಯಿರಿ.

ಅಜ್ಜನ ಅಡೆ, ಶಿರಸಿ
ಎಷ್ಟೇ ಹೇಳಿ, ಪೆಟ್ಟಿಗೆಯಿಂದ ಅನಿಲ ಬಿಟ್ಟು ಮಾಗಿಸಿದ್ದು ಸಹಜವಲ್ಲ. ನಮ್ಮಲ್ಲಿ ಬಾಳೆಗೊನೆಯನ್ನು ಮಣ್ಣಿನ ಗುಂಡಿಯಲ್ಲಿ ಇಳಿಸಿ, ಬಾಳೆ ಎಲೆ ಮುಚ್ಚಿ, ತೆಂಗಿನ ಸಿಪ್ಪೆಯ ಹೊಗೆ ಊದುತ್ತಿದ್ದರು. ಅಜ್ಜ ಗುಂಡಿಯ ಬಾಯಿಗೆ ಮಣ್ಣು ಮೆತ್ತಿ, ಒಂದು ಮಡಕೆಯ ತೂತಿನಿಂದ ಊದುವುದನ್ನು ನಾನು ಕುಳಿತು ನೋಡಿದ್ದೇನೆ. ಮೂರನೇ ದಿನ ಮುಚ್ಚಳ ತೆಗೆದಾಗ ಏಳುತ್ತಿದ್ದ ಪರಿಮಳಕ್ಕೆ ಮನೆಯವರೆಲ್ಲ ಅಂಗಳಕ್ಕೆ ಬರುತ್ತಿದ್ದರು. ಅದು ಸಹಜ.

ಕೊಯ್ಲಿನ ನಂತರ
ನೀವು ಬರೆದದ್ದನ್ನು ಓದಿ ಆ ಪರಿಮಳ ನನಗೂ ಬಂದಂತಾಯಿತು. ಆದರೆ ಅಜ್ಜ ಊದುತ್ತಿದ್ದ ಹೊಗೆಯಲ್ಲಿ ಇದ್ದದ್ದೂ ಎಥಿಲೀನೇ. ಅರೆಬರೆ ಉರಿಯುವ ಸಿಪ್ಪೆ, ಸೌದೆ, ಸೀಮೆಎಣ್ಣೆ ಎಲ್ಲವೂ ಎಥಿಲೀನ್ ಬಿಡುತ್ತವೆ. ಮಣ್ಣು ಮೆತ್ತಿದ್ದು ಅದು ಹೊರಹೋಗದಿರಲಿ ಎಂದು. ಅಕ್ಕಿ ಡಬ್ಬದಲ್ಲಿ ಮಾವು ಹೂಳುವ ನಮ್ಮ ಅಮ್ಮಂದಿರು ಮಾಡುವುದೂ ಅದನ್ನೇ, ಹಣ್ಣು ಬಿಟ್ಟ ಅನಿಲವನ್ನು ಹಣ್ಣಿನ ಸುತ್ತಲೇ ಕಟ್ಟಿಹಾಕುವುದು. ಅಜ್ಜನಿಗೆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಹೆಸರು ಗೊತ್ತಾದ ಕಥೆಯೂ ಚೆನ್ನಾಗಿದೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ದಿಮಿತ್ರಿ ನೆಲ್ಯುಬೋವ್ ಎಂಬ ವಿದ್ಯಾರ್ಥಿ ಬಟಾಣಿ ಸಸಿಗಳನ್ನು ಕತ್ತಲಲ್ಲಿ ಬೆಳೆಸುತ್ತಿದ್ದ. ಪ್ರಯೋಗಾಲಯದ ಒಳಗೆ ಬೆಳೆದವು ಮೋಟಾಗಿ, ದಪ್ಪವಾಗಿ, ಅಡ್ಡಡ್ಡ ಬಾಗಿದವು. ಹೊರಗಿನ ಗಾಳಿಯಲ್ಲಿ ನೆಟ್ಟಗೆ ಬೆಳೆದವು. ದೀಪದ ಅನಿಲದಲ್ಲಿದ್ದ ಎಥಿಲೀನ್ ಇದಕ್ಕೆ ಕಾರಣ ಎಂದು 1901ರಲ್ಲಿ ತೋರಿಸಿದ. 1920ರ ದಶಕದಲ್ಲಿ ಅಮೆರಿಕದ ಡೆನ್ನಿ, ನಿಂಬೆಯ ಗೋದಾಮಿನಲ್ಲಿ ಕಾಯಿಗಳನ್ನು ಹಳದಿ ಮಾಡುತ್ತಿದ್ದದ್ದು ಸೀಮೆಎಣ್ಣೆ ಒಲೆಯ ಬಿಸಿಯಲ್ಲ, ಅದರ ಹೊಗೆಯ ಎಥಿಲೀನ್ ಎಂದು ಕಂಡುಕೊಂಡ. ಹಣ್ಣು ತಾನೇ ಇದನ್ನು ಬಿಡುತ್ತದೆ ಎಂದು 1934ರಲ್ಲಿ ಇಂಗ್ಲೆಂಡಿನ ಗೇನ್ ಸೇಬಿನ ಮೇಲೆ ಖಚಿತಪಡಿಸಿದ. ಶಿರಸಿಯ ಗುಂಡಿ ಮತ್ತು ಆ ನಿಂಬೆಯ ಗೋದಾಮು, ಎರಡರ ಗುಟ್ಟೂ ಒಂದೇ.

ಬಾಳೆ ಮಂಡಿ, ಚಾಮರಾಜನಗರ
ನಾನು ಹನ್ನೊಂದು ವರ್ಷದಿಂದ ಬಾಳೆಯ ಮಾಗಿಸುವ ಕೋಣೆ ನಡೆಸುತ್ತಿದ್ದೇನೆ. ತೋಪಿನ ಅಣ್ಣನವರಿಗೆ ಕೋಣೆಯ ಒಳಗಿನ ವಿಷಯ ಹೇಳುತ್ತೇನೆ, ಏಕೆಂದರೆ ಎಳೆಗಾಯಿ ಒಂದೇ ಕಾರಣವಲ್ಲದಿರಬಹುದು.

ಕೋಣೆಯನ್ನು ಮುಚ್ಚಿ ಅನಿಲ ಬಿಟ್ಟ ಮೇಲೆ ಹಣ್ಣು ಏದುಸಿರು ಬಿಡುತ್ತದೆ. ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅದು ನೂರಕ್ಕೆ ಒಂದು ಭಾಗ ದಾಟಿದರೆ ಎಥಿಲೀನ್‌ನ ಮಾತು ಹಣ್ಣಿಗೆ ಕೇಳಿಸುವುದಿಲ್ಲ. ಬಾಗಿಲು ತೆರೆದು ಗಾಳಿ ಬದಲಿಸಬೇಕು. ಇದನ್ನು ಮರೆಯುವ ಕೋಣೆಗಳು ಬೇಕಾದಷ್ಟಿವೆ. ವಿದ್ಯುತ್ ಹೋದಾಗ ಒಳಗಿನ ಫ್ಯಾನ್ ನಿಂತರೆ ಮಧ್ಯದ ಕ್ರೇಟ್‌ಗಳು ಬೆಂದಂತಾಗುತ್ತವೆ. ಕ್ರೇಟ್‌ಗಳನ್ನು ಗೋಡೆಗೆ ಅಂಟಿಸಿ ಒತ್ತೊತ್ತಾಗಿ ಪೇರಿಸಿದರೂ ಅದೇ ಗತಿ.

ಇನ್ನು ಉಷ್ಣಾಂಶ. ಪಚ್ಚಬಾಳೆಯನ್ನು ನಾವು 18 ಡಿಗ್ರಿ ಆಸುಪಾಸಿನಲ್ಲಿ, ತೇವ ನೂರಕ್ಕೆ 90ರ ಮೇಲೆ ಇಟ್ಟು, ಒಂದು ದಿನ ಅನಿಲ ಕೊಡುತ್ತೇವೆ. ಪಚ್ಚಬಾಳೆ 24 ಡಿಗ್ರಿಗಿಂತ ಬಿಸಿಯಾದ ಕಡೆ ಮಾಗಿದರೆ ತಿರುಳು ಮೆತ್ತಗಾಗುತ್ತದೆ, ಸಿಪ್ಪೆ ಮಾತ್ರ ಹಸಿರಾಗಿಯೇ ಉಳಿಯುತ್ತದೆ. ಬೇಸಿಗೆಯಲ್ಲಿ ತಗಡಿನ ಶೆಡ್‌ನಲ್ಲಿ ಮಾಗಿಸಿದ ಬಾಳೆ ಹಾಗೇ ಕಾಣುವುದು. ಇನ್ನೊಂದು ಕಡೆ, 13 ಡಿಗ್ರಿಗಿಂತ ಕೆಳಗೆ ಇಟ್ಟರೆ ಸಿಪ್ಪೆ ಬೂದಿಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಎಷ್ಟು ಅನಿಲ ಕೊಟ್ಟರೂ ಮೇಲೇಳುವುದಿಲ್ಲ. ಮಾವಿಗೂ ಕಾಯಿಯಾಗಿದ್ದಾಗ 12–13 ಡಿಗ್ರಿಯೇ ಗಡಿ. ಕಾಯಿಯನ್ನು ತಂದು ಫ್ರಿಜ್‌ಗೆ ತುಂಬಬೇಡಿ ಎಂದು ನಿಮ್ಮ ಗಿರಾಕಿಗಳ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಹೊಸ ರೈತ, ಚಿಂತಾಮಣಿ
ಇಷ್ಟೆಲ್ಲ ಏಕೆ? ಎಥ್ರೆಲ್ ಅಂಗಡಿಯಲ್ಲಿ ಸಿಗುತ್ತದೆ. ಬಕೆಟ್ ನೀರಿಗೆ ಮುಚ್ಚಳದಷ್ಟು ಹಾಕಿ ಕಾಯಿ ಅದ್ದಿ ಎತ್ತಿದರೆ ನಾಲ್ಕೈದು ದಿನಕ್ಕೆ ಹಣ್ಣು. ನಮ್ಮ ಕಡೆ ಎಲ್ಲರೂ ಮಾಡುತ್ತಾರೆ.

ಕೊಯ್ಲಿನ ನಂತರ
ತಮ್ಮ, ದಯವಿಟ್ಟು ಅದ್ದಬೇಡಿ. ಎಥ್ರೆಲ್‌ನಲ್ಲಿ ಇರುವುದು ಎಥೆಫಾನ್ ಎಂಬ ರಾಸಾಯನಿಕ. ಹುಳಿ ದ್ರಾವಣದಲ್ಲಿ ತೆಪ್ಪಗಿರುತ್ತದೆ, ಹುಳಿ ಕಡಿಮೆಯಾದಾಗ ಒಡೆದು ಎಥಿಲೀನ್ ಬಿಡುತ್ತದೆ. ಹಣ್ಣಿಗೆ ಬೇಕಾದದ್ದು ಆ ಅನಿಲ ಮಾತ್ರ. ಅದ್ದಿದರೆ ಒಡೆಯದೆ ಉಳಿದ ಎಥೆಫಾನ್ ಸಿಪ್ಪೆಯ ಮೇಲೆ ಉಳಿಯುತ್ತದೆ, ನೀವು ಹಾಕಿದ ಮುಚ್ಚಳಕ್ಕೆ ಅಳತೆಯೂ ಇಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ ಸೂಚನೆ ಈ ವಿಷಯದಲ್ಲಿ ಗಟ್ಟಿಯಾಗಿದೆ: ಅನಿಲದ ಮೂಲವಾಗಿ ಬಳಸಬಹುದು, ದ್ರಾವಣ ಹಣ್ಣಿಗೆ ತಾಗಬಾರದು.

ಚಿಕ್ಕ ರೈತರಿಗೆ ಕೋಣೆ ಕಟ್ಟುವ ಶಕ್ತಿ ಇಲ್ಲ ಎಂಬುದು ನಿಜ. ಅದಕ್ಕೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಒಂದು ಸುಲಭ ವಿಧಾನ ಮಾಡಿಕೊಟ್ಟಿದೆ. ಗಾಳಿ ಆಡದ ಪ್ಲಾಸ್ಟಿಕ್ ಡೇರೆ, ಒಳಗೆ ತೂತಿರುವ ಕ್ರೇಟ್‌ಗಳು, ಒಂದು ಮೂಲೆಯಲ್ಲಿ ಪಾತ್ರೆ. ಪಾತ್ರೆಯಲ್ಲಿ ಎಥ್ರೆಲ್‌ಗೆ ಅಳೆದ ಕ್ಷಾರ ಸೇರಿಸಿದರೆ ಅನಿಲ ಹೊರಡುತ್ತದೆ, ಗಾಳಿ ಆಡಿಸಲು ಬ್ಯಾಟರಿಯ ಚಿಕ್ಕ ಫ್ಯಾನ್. ಸುಮಾರು ಒಂದು ದಿನದ ನಂತರ ಡೇರೆ ತೆಗೆದು ಕಾಯಿಗಳನ್ನು ನೆರಳಿನಲ್ಲಿ ಹರಡುವುದು. ಡೇರೆಯ ಅಳತೆಗೆ ತಕ್ಕ ಪ್ರಮಾಣವನ್ನು ಅವರಿಂದ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಿಂದ ಬರೆಸಿಕೊಳ್ಳಿ. ಕೈಗವಸು ಮತ್ತು ಕನ್ನಡಕ ಹಾಕಿಯೇ ಬೆರೆಸಬೇಕು, ಒಳಗೆ ಬೆಂಕಿ, ಬೀಡಿ ಯಾವುದೂ ಬೇಡ. 100 ಪಿಪಿಎಂನಲ್ಲಿ ಎಥಿಲೀನ್ ಹೊತ್ತಿಕೊಳ್ಳುವುದಿಲ್ಲ, ಆದರೆ ಅಳತೆ ತಪ್ಪುವುದು ಮನುಷ್ಯರಿಂದ.

ದ್ರಾಕ್ಷಿ ಸಾಲು, ವಿಜಯಪುರ
ನಮ್ಮ ಬೆಳೆಯ ಬಗ್ಗೆ ಒಂದು ಮಾತು. ದ್ರಾಕ್ಷಿ, ದಾಳಿಂಬೆ, ಕಿತ್ತಳೆ ಇವು ಕೊಯ್ದ ಮೇಲೆ ಮಾಗುವ ಜಾತಿಯವಲ್ಲ. ಗಿಡದಲ್ಲಿ ಎಷ್ಟು ಸಿಹಿಯೋ ಅಷ್ಟೇ. ನಾವು ಬಳಸುವ ಹಾರ್ಮೋನು ಬೇರೆ, ಜಿಬ್ಬರೆಲಿಕ್ ಆಮ್ಲ. ಬೀಜವಿಲ್ಲದ ಥಾಮ್ಸನ್ ದ್ರಾಕ್ಷಿ ಸ್ವಭಾವದಿಂದ ಸಣ್ಣ ಕಾಳು, ಬೀಜದಿಂದ ಸಿಗಬೇಕಾದ ಹಾರ್ಮೋನು ಅದಕ್ಕೆ ಸಿಗುವುದಿಲ್ಲ. ಆ ಕೊರತೆಯನ್ನು ಸಿಂಪಡಣೆಯಿಂದ ತುಂಬುತ್ತೇವೆ. ಭತ್ತದ ಸಸಿಗಳನ್ನು ಅತಿ ಉದ್ದ ಬೆಳೆಸಿ ಬೀಳಿಸುವ ಶಿಲೀಂಧ್ರ ರೋಗದಲ್ಲಿ ಈ ವಸ್ತು ಮೊದಲು ಗೊತ್ತಾಯಿತು, 1926ರಲ್ಲಿ ಜಪಾನಿನ ಕುರೊಸಾವಾ ತೋರಿಸಿದ್ದು.

ಅತಿಯಾಸೆಯಿಂದ ಕೆಡುವುದನ್ನು ಕಣ್ಣಾರೆ ಕಂಡಿದ್ದೇನೆ. ಕಾಳು ಗೋಲಿಯಷ್ಟಾಗಲಿ ಎಂದು ಇನ್ನೊಂದು ಸುತ್ತು ಹೊಡೆದೆ. ಗೊಂಚಲಿನ ತೊಟ್ಟುಗಳು ದಪ್ಪವಾಗಿ, ಬಿರುಸಾಗಿ, ಶೀತಲಗೃಹದಿಂದ ಪೆಟ್ಟಿಗೆ ಹೊರತೆಗೆದು ಅಲುಗಿಸಿದರೆ ಕಾಳುಗಳು ಉದುರಿ ತಳ ಸೇರಿದ್ದವು. ಕೊಳ್ಳುವವನು ಗೊಂಚಲು ಎತ್ತಿ ಹಿಡಿದ, ಕೈಯಲ್ಲಿ ಬರಿಯ ಕಡ್ಡಿ ಉಳಿಯಿತು. ಹಾರ್ಮೋನು ಗ್ರಾಂ ಲೆಕ್ಕದ ವಸ್ತು, ಹಿಡಿ ಲೆಕ್ಕದ್ದಲ್ಲ.

ಸೇಬಿನ ಗೋದಾಮು, ವಾಷಿಂಗ್ಟನ್ ರಾಜ್ಯ
ಹಾಸನದವನು, ಇಲ್ಲಿ ಸೇಬಿನ ದಾಸ್ತಾನಿನಲ್ಲಿ ಕೆಲಸ. ಅಣ್ಣನವರ ಮೂರನೇ ಪ್ರಶ್ನೆಗೆ, ಅಂದರೆ ಉಳಿಸುವುದಕ್ಕೆ, ಇಲ್ಲಿಯ ಅನುಭವ ಹೇಳುತ್ತೇನೆ. ನಾವು ಎಥಿಲೀನ್ ಕೊಡುವವರಲ್ಲ, ಅದರ ಬಾಯಿ ಮುಚ್ಚುವವರು. ಮೀಥೈಲ್ ಸೈಕ್ಲೊಪ್ರೊಪೀನ್ ಎಂಬ ಅನಿಲ ಇದೆ. ನಾರ್ತ್ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದ ಸಿಸ್ಲರ್ ಮತ್ತು ಬ್ಲಾಂಕೆನ್‌ಶಿಪ್ ಅವರು ಇದಕ್ಕೆ 1996ರಲ್ಲಿ ಪೇಟೆಂಟ್ ಪಡೆದರು, 2002ರಲ್ಲಿ ಹಣ್ಣುಗಳಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹಣ್ಣಿನ ಜೀವಕೋಶದಲ್ಲಿ ಎಥಿಲೀನ್ ಬಂದು ಕೂರಬೇಕಾದ ಜಾಗದಲ್ಲಿ ಇದು ಮೊದಲೇ ಹೋಗಿ ಕುಳಿತುಬಿಡುತ್ತದೆ. ಬೀಗದ ಕಂಡಿಯಲ್ಲಿ ಬೇರೆ ಕೀಲಿ ಮುರಿದು ಸಿಕ್ಕಿಕೊಂಡ ಹಾಗೆ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಒಂದು ಭಾಗ ಇದ್ದರೆ ಸಾಕು. ಇದರ ಜೊತೆ ಕೋಣೆಯ ಆಮ್ಲಜನಕವನ್ನು ನೂರಕ್ಕೆ ಎರಡರ ಆಸುಪಾಸಿಗೆ ಇಳಿಸಿ ತಂಪಿನಲ್ಲಿಟ್ಟರೆ ಸೆಪ್ಟೆಂಬರ್‌ನಲ್ಲಿ ಕೊಯ್ದ ಸೇಬನ್ನು ಮುಂದಿನ ಬೇಸಿಗೆಯಲ್ಲಿ ಗಟ್ಟಿಯಾಗಿ ತಿನ್ನಬಹುದು.

ಆದರೆ ಸೇಬಿಗೆ ಹೊಂದಿದ್ದು ಮಾವು, ಬಾಳೆಗೆ ಹಾಗೆಯೇ ಹೊಂದುವುದಿಲ್ಲ. ಸೇಬು ಗಟ್ಟಿಯಾಗಿದ್ದರೆ ಬೆಲೆ, ಮಾವು ಮೆತ್ತಗಾಗದಿದ್ದರೆ ಮಾವೇ ಅಲ್ಲ. ಹಸಿರು ಬಾಳೆಗೆ ಬೇಗ ಕೊಟ್ಟುಬಿಟ್ಟರೆ ಆಮೇಲೆ ಸರಿಯಾಗಿ ಬಣ್ಣ ಬರದೆ ಮಚ್ಚೆ ಮಚ್ಚೆಯಾಗುತ್ತದೆ.

ಕೊಯ್ಲಿನ ನಂತರ
ಇವರು ಹೇಳಿದ್ದನ್ನು ಒಪ್ಪುತ್ತೇನೆ. ಅಣ್ಣನವರ ನಾಲ್ಕು ಎಕರೆಗೆ ಅದಕ್ಕಿಂತ ಅಗ್ಗದ ದಾರಿ ಪೊಟ್ಯಾಸಿಯಂ ಪರ್ಮ್ಯಾಂಗನೇಟ್. ಇದನ್ನು ಹೀರಿಸಿದ ಹರಳುಗಳ ಚೀಲವನ್ನು ಕಾಯಿಯ ಪೆಟ್ಟಿಗೆಯಲ್ಲಿ ಇಟ್ಟರೆ ಕಾಯಿ ಬಿಟ್ಟ ಎಥಿಲೀನನ್ನು ಸುಟ್ಟುಹಾಕುತ್ತದೆ. ನೇರಳೆ ಬಣ್ಣ ಕಂದಾದರೆ ಶಕ್ತಿ ಮುಗಿಯಿತು ಎಂದು ತಿಳಿಯುತ್ತದೆ. ಚೀಲ ಹರಿದು ಹಣ್ಣಿಗೆ ತಾಗಬಾರದು, ಮಕ್ಕಳ ಕೈಗೆ ಸಿಗಬಾರದು. ದೂರದ ಊರಿಗೆ ಕಾಯಿಯಾಗಿ ಕಳಿಸುವಾಗ ಮಾತ್ರ ಇದರ ಅಗತ್ಯ, ಮಾಗಿಸಿದ ಹಣ್ಣಿಗೆ ಇದರಿಂದ ಹೆಚ್ಚು ಲಾಭವಿಲ್ಲ.

ಇನ್ನೊಂದು ಮಾತು. ಮಾವು ಮಾರುಕಟ್ಟೆಯಲ್ಲಿ ಹಾಳಾಗುವುದು ಅತಿಯಾಗಿ ಮಾಗಿ ಎಂದು ನಾವು ತಿಳಿದಿರುತ್ತೇವೆ. ಬಹಳ ಸಲ ಅದು ಚಿಬ್ಬು ರೋಗ, ತೊಟ್ಟು ಕೊಳೆ. ತೋಪಿನಲ್ಲೇ ಹತ್ತಿದ ಶಿಲೀಂಧ್ರ ಕಾಯಿಯಲ್ಲಿ ಸುಮ್ಮನೆ ಕಾದಿದ್ದು, ಹಣ್ಣಾದಾಗ ಕಪ್ಪು ಚುಕ್ಕೆಯಾಗಿ ಎದ್ದುಬರುತ್ತದೆ. ಯಾವ ಹಾರ್ಮೋನೂ ಅದನ್ನು ತಡೆಯದು. ಕೊಯ್ದ ದಿನವೇ 52 ಡಿಗ್ರಿ ಬಿಸಿನೀರಿನಲ್ಲಿ ಐದರಿಂದ ಹತ್ತು ನಿಮಿಷ ಅದ್ದಿ, ಒರೆಸಿ, ಆರಿಸಿ. ಥರ್ಮಾಮೀಟರ್ ಇಲ್ಲದೆ ಕೈಯಂದಾಜಿನಲ್ಲಿ ಮಾಡಿದರೆ ಸಿಪ್ಪೆ ಬೇಯುತ್ತದೆ. ತೊಟ್ಟನ್ನು ಒಂದಿಷ್ಟು ಉದ್ದ ಬಿಟ್ಟು ಕೊಯ್ಯಿರಿ, ಆಮೇಲೆ ಕತ್ತರಿಸಿ ತಲೆಕೆಳಗಾಗಿ ಇಟ್ಟು ಸೊನೆ ಇಳಿಸಿ. ಸೊನೆ ಹರಿದ ಕಡೆ ಸುಟ್ಟ ಕಲೆ ಉಳಿಯುತ್ತದೆ, ಕೊಳೆಯೂ ಅಲ್ಲಿಂದ ಶುರುವಾಗುತ್ತದೆ.

ಅಡುಗೆಮನೆ, ಮೈಸೂರು
ಮನೆಗೆ ಬಂದ ಮೇಲೆ ನಾವು ಏನು ಮಾಡಬೇಕು ಅದನ್ನೂ ಹೇಳಿ.

ಬಾಳೆ ಮಂಡಿ, ಚಾಮರಾಜನಗರ
ಕಾಯಿಯನ್ನು ಕಾಗದದ ಚೀಲದಲ್ಲಿ ಹಾಕಿ, ಒಂದು ಹಣ್ಣಾದ ಬಾಳೆಯನ್ನು ಜೊತೆಗಿಟ್ಟು ಬಾಯಿ ಮಡಚಿ ಇಡಿ. ಹಣ್ಣಾದ ಮೇಲೆ ಫ್ರಿಜ್‌ನಲ್ಲಿ ಇಡಬಹುದು, ಆಗ ಏನೂ ಆಗದು. ಸೊಪ್ಪು, ಸೌತೆಕಾಯಿಯ ಪಕ್ಕದಲ್ಲಿ ಮಾತ್ರ ಇಡಬೇಡಿ, ಮಾವಿನ ಎಥಿಲೀನ್ ಅವನ್ನೂ ಹಳದಿ ಮಾಡುತ್ತದೆ.

ತೋಪಿನವನು, ಶ್ರೀನಿವಾಸಪುರ
ಕೆಲವು ವಾರಗಳ ನಂತರ ಬರೆಯುತ್ತಿದ್ದೇನೆ. ಈ ಸಲ ಕೊಯ್ಲನ್ನು ಮೂರು ಸುತ್ತಾಗಿ ಮಾಡುತ್ತಿದ್ದೇನೆ. ಆಳಿನ ಖರ್ಚು ಹೆಚ್ಚಾಯಿತು, ಅದನ್ನು ಮುಚ್ಚಿಡುವುದಿಲ್ಲ. ಕೃಷಿ ವಿಜ್ಞಾನ ಕೇಂದ್ರದವರು ಬಂದು ಡೇರೆಯ ಅಳತೆ ತೆಗೆದುಕೊಂಡು, ಎಷ್ಟು ಎಥ್ರೆಲ್‌ಗೆ ಎಷ್ಟು ಕ್ಷಾರ ಎಂದು ಹಾಳೆಯಲ್ಲಿ ಬರೆದುಕೊಟ್ಟು, ಮೊದಲ ಸಲ ಎದುರಿಗೇ ನಿಂತು ಮಾಡಿಸಿದರು.

ಮೊದಲ ಸುತ್ತಿನಲ್ಲಿ ಒಂದೇ ಮರದ ಅರವತ್ತು ಬಾದಾಮಿಯನ್ನು ನೀರಿಗೆ ಹಾಕಿದೆ. ನಲವತ್ತಮೂರು ಮುಳುಗಿದವು, ಹದಿನೇಳು ತೇಲಿದವು. ತೇಲಿದ್ದಕ್ಕೆ ಕೆಂಪು ದಾರ ಕಟ್ಟಿ, ಎಲ್ಲವನ್ನೂ ಒಂದೇ ಡೇರೆಯಲ್ಲಿ, ಒಂದೇ ಅನಿಲದಲ್ಲಿ, ಅಕ್ಕಪಕ್ಕದಲ್ಲಿ ಇಟ್ಟೆ. ಐದನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಎಲ್ಲವೂ ಹಳದಿ. ದಾರ ಇಲ್ಲದಿದ್ದರೆ ನಾನೂ ಗುರುತಿಸುತ್ತಿರಲಿಲ್ಲ. ಮುಳುಗಿದ್ದನ್ನು ಕೊಯ್ದೆ, ತಿರುಳು ಕೇಸರಿ ಬಣ್ಣಕ್ಕೆ ತಿರುಗಿ ರಸ ಚಾಕುವಿನಿಂದ ಮಣಿಕಟ್ಟಿಗೆ ಇಳಿಯಿತು. ದಾರದ್ದನ್ನು ಕೊಯ್ದೆ, ಓಟೆಯ ಸುತ್ತ ಬಿಳಿ, ವಾಸನೆಯೇ ಇಲ್ಲ. ಸಕ್ಕರೆ ನೋಡುವ ಮೀಟರ್ ಎರವಲು ತಂದಿದ್ದೆ. ಮುಳುಗಿದವು 18, 19 ತೋರಿಸಿದವು. ತೇಲಿದವು 12 ದಾಟಲಿಲ್ಲ.

ಕಳೆದ ವರ್ಷ ಫೋನ್ ಮಾಡಿದ ಆ ತಾಯಿಗೆ ಒಂದು ಪೆಟ್ಟಿಗೆ ಕಳಿಸಿ, ದಾರ ಕಟ್ಟಿದ ಒಂದು ಹಣ್ಣನ್ನೂ ಒಳಗಿಟ್ಟು, ಎರಡನ್ನೂ ಕೊಯ್ದು ನೋಡಿ ಎಂದು ಚೀಟಿ ಬರೆದೆ. ಮೊನ್ನೆ ಅವರು ಇನ್ನು ಆರು ಪೆಟ್ಟಿಗೆ ಕೇಳಿದ್ದಾರೆ. ಎರಡನೇ ಸುತ್ತಿನ ಕಾಯಿ ನಾಳೆ ಡೇರೆಯಿಂದ ಹೊರಬರುತ್ತದೆ. ಬಿಸಿನೀರಿನ ಉಪಚಾರಕ್ಕೆ ದೊಡ್ಡ ತಪ್ಪಲೆ ಸಿಕ್ಕಿದೆ, ಉಷ್ಣಾಂಶ ಸಮನಾಗಿ ನಿಲ್ಲಿಸುವುದು ಹೇಗೆಂದು ಅನುಭವ ಇರುವವರು ಯಾರಾದರೂ ತಿಳಿಸಿ.